ಸೊಂಡಿಲು ಕಟ್ಟಿಕೊಂಡು ಮಲಗಿದ ಕಥೆ



ಈ ಲೇಖನವನ್ನು ನಾವಿಬ್ಬರೂ ಕೂಡಿ ಬರೆಯುತ್ತಿದ್ದೇವೆ. ನಾವೆಂದರೆ ಜತ್ತದ ಒಂದು ಸಾಧಾರಣ ಮನೆಯ ಗಂಡ-ಹೆಂಡತಿ. ಒಬ್ಬರಿಗೆ 61 ವರ್ಷ, ಇನ್ನೊಬ್ಬರಿಗೆ 56. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು, ನೆನಪಿನಲ್ಲಿ ವ್ಯತ್ಯಾಸ ಬಂದಾಗ ಇಬ್ಬರೂ ಕೂಡಿ ಜಗಳಾಡುವುದು ಎಂದು ಗೊತ್ತು ಮಾಡಿಕೊಂಡಿದ್ದೇವೆ. ವಿಷಯ ಗೊರಕೆಯದು. ನಗಬೇಡಿರೆಂದು ನಾವು ಹೇಳುವುದಿಲ್ಲ. ಮೂವತ್ತು ವರ್ಷ ನಾವೂ ನಕ್ಕವರೇ.

ನಮ್ಮಲ್ಲಿ ಗೊರಕೆ ಹೊಡೆಯುವವರು ಮನೆಯ ಯಜಮಾನರು, ಕೇಳುವವರು ಮನೆಯಾಕೆ. ಮದುವೆಮನೆಯಲ್ಲಿ ಒಂದೇ ಜಮಖಾನೆಯ ಮೇಲೆ ಹತ್ತು ಜನ ಮಲಗಿದಾಗ ಬೀಗರು ತಲೆದಿಂಬು ಎತ್ತಿಕೊಂಡು ಮಾಳಿಗೆಗೆ ಹೋದದ್ದುಂಟು. ಯಾತ್ರೆಯ ಬಸ್ಸಿನಲ್ಲಿ ಎಂಜಿನ್ನಿನ ಸಪ್ಪಳ ಯಾವುದು, ನಮ್ಮ ಯಜಮಾನರದು ಯಾವುದು ಎಂದು ಹುಡುಗರು ಪಣ ಕಟ್ಟಿದ್ದುಂಟು. ಕುಂಭಕರ್ಣ ಎಂಬ ಬಿರುದಂತೂ ಬಂಧುಗಳಲ್ಲಿ ಖಾಯಂ ಆಗಿತ್ತು. ಅದಕ್ಕೆ ಯಜಮಾನರ ಬಳಿ ಸಿದ್ಧ ಉತ್ತರವೊಂದಿತ್ತು. ವಿಮಲಸೂರಿಯ 'ಪಉಮಚರಿಯ'ದಲ್ಲಿ ಶ್ರೇಣಿಕ ಮಹಾರಾಜನು, ಕುಂಭಕರ್ಣನು ಆರು ತಿಂಗಳು ನಿದ್ದೆ ಹೋಗುತ್ತಿದ್ದನೆಂಬ ಮಾತನ್ನು ನಂಬಲಾರದೆ ಪ್ರಶ್ನೆ ಮಾಡುತ್ತಾನಲ್ಲವೆ? "ಕುಂಭಕರ್ಣನ ಮ್ಯಾಲಿನ ಆರೋಪನ ಸುಳ್ಳು ಅಂತ ನಮ್ಮ ಪುರಾಣ ಹೇಳತಾವ. ನನ್ನ ಮ್ಯಾಲಿಂದೂ ಸುಳ್ಳು" ಎಂದು ಅವರು ನಗುತ್ತಿದ್ದರು.

ಹಾಸ್ಯಕ್ಕೆ ಆಡಿದ ಆ ಮಾತು ನಿಜವೇ ಆಗಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಅವರು ನಿದ್ದೆಯನ್ನೇ ಮಾಡುತ್ತಿರಲಿಲ್ಲ.

ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೆ ನಿಂತುಬಿಡುತ್ತಿತ್ತು. ಎದೆ ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು, ಉಸಿರಿಲ್ಲ. ಆ ಹೊತ್ತಿನಲ್ಲಿ ಮನೆಯಾಕೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಣಮೋಕಾರ ಮಂತ್ರ ಹೇಳಲು ತೊಡಗುವರು. ಒಮ್ಮೆ ಪೂರ್ತಿ ಮುಗಿದು ಎರಡನೆಯ ಸಲ ಅರ್ಧಕ್ಕೆ ಬಂದಾಗ ಯಜಮಾನರು ಬಾವಿಯಿಂದ ಮೇಲೆ ಬಂದವರಂತೆ ದೊಡ್ಡದಾಗಿ ಉಸಿರೆಳೆದು ಮಗ್ಗಲು ಬದಲಿಸುವರು. ಮತ್ತೆ ಗೊರಕೆ. ಮುಂಜಾನೆ ಕೇಳಿದರೆ ಅವರಿಗೆ ಏನೂ ನೆನಪಿರುತ್ತಿರಲಿಲ್ಲ. "ಬಂಗಾರದಂಥಾ ನಿದ್ದಿ ಬಂತು" ಎನ್ನುವರು. ಹಾಗೆ ಹೇಳಿದವರೇ ಹತ್ತು ಗಂಟೆಗೆ ಅಂಗಡಿಯ ಗಲ್ಲೆಯ ಮೇಲೆ ತೂಕಡಿಸುವರು. ಬೆಳಗಿನ ತಲೆನೋವು, ಮರೆವು, ಸಣ್ಣ ಮಾತಿಗೂ ಸಿಟ್ಟು, ಎರಡು ತರಹದ ಗುಳಿಗೆಗೂ ಬಗ್ಗದ ರಕ್ತದೊತ್ತಡ, ಇವೆಲ್ಲವನ್ನೂ ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆವು.

2023ರ ನವೆಂಬರ್ ತಿಂಗಳಲ್ಲಿ ಆ ಲೆಕ್ಕ ತಪ್ಪಿತು. ಸಾಂಗಲಿಯಿಂದ ಕಾರಿನಲ್ಲಿ ಮರಳಿ ಬರುತ್ತಿದ್ದೆವು. ಮಧ್ಯಾಹ್ನದ ಹೊತ್ತು. ಕಾರು ನಡೆಸುತ್ತಿದ್ದವರು ಯಜಮಾನರು, ಹಿಂದಿನ ಸೀಟಿನಲ್ಲಿ ಮನೆಯಾಕೆ ಮತ್ತು ಏಳು ವರ್ಷದ ಮೊಮ್ಮಗ. ಕವಠೆ ಮಹಾಂಕಾಳ ದಾಟಿದ ಮೇಲೆ ನೆಟ್ಟಗಿನ ರಸ್ತೆ. ಎದುರಿಗೆ ಒಂದು ವಾಹನವೂ ಇರಲಿಲ್ಲ. ಅದೇ ನಮ್ಮ ಪುಣ್ಯ. ಕಾರು ಮೆಲ್ಲಗೆ ಎಡಕ್ಕೆ ವಾಲಿತು, ರಸ್ತೆ ಬಿಟ್ಟಿತು, ಮೊಣಕಾಲೆತ್ತರದ ಜೋಳದ ಹೊಲದೊಳಗೆ ಹೋಗಿ ನಿಂತಿತು. ಮನೆಯಾಕೆಯ ಕೂಗಿಗೆ ಯಜಮಾನರು ಎಚ್ಚತ್ತರು. ಹೌದು, ಎಚ್ಚತ್ತರು ಎಂದೇ ಬರೆಯಬೇಕು. ಯಾರಿಗೂ ಗಾಯವಾಗಲಿಲ್ಲ. ಹೊಲದವರು ನೀರು ಕೊಟ್ಟು, ಬೆಳೆ ಹಾಳಾಯಿತೆಂದು ಒಂದು ಮಾತೂ ಆಡದೆ ಕಾರು ನೂಕಿ ರಸ್ತೆಗೆ ಹಚ್ಚಿದರು. ಮೊಮ್ಮಗ ಅಳಲಿಲ್ಲ. ಮನೆ ಮುಟ್ಟುವ ತನಕ ಅಜ್ಜನ ಕಣ್ಣನ್ನೇ ಮುಂದಿನ ಕನ್ನಡಿಯಲ್ಲಿ ನೋಡುತ್ತ ಕುಳಿತಿದ್ದ. ಆ ಸಂಜೆ ಯಜಮಾನರು ಕಾರಿನ ಕೀಲಿಯನ್ನು ತಾವಾಗಿಯೇ ಮನೆಯಾಕೆಯ ಕೈಗೆ ಕೊಟ್ಟರು.

ಮಿರಜದ ವೈದ್ಯರು ಯಜಮಾನರನ್ನು ಕೇಳಿದ್ದಕ್ಕಿಂತ ಹೆಚ್ಚು ಮನೆಯಾಕೆಯನ್ನು ಕೇಳಿದರು. ರಾತ್ರಿಯ ಸಾಕ್ಷಿ ಅವರೇ ಅಲ್ಲವೆ? ಕುತ್ತಿಗೆಯ ಸುತ್ತಳತೆ ತೆಗೆದರು, ಗಂಟಲು ನೋಡಿದರು, ಒಂದು ರಾತ್ರಿ ಆಸ್ಪತ್ರೆಯಲ್ಲಿ ತಲೆ, ಎದೆ, ಬೆರಳು, ಮೂಗಿಗೆಲ್ಲ ತಂತಿ ಅಂಟಿಸಿ ಮಲಗಿಸಿದರು. ಫಲಿತಾಂಶ ಬಂದಾಗ ನಾವಿಬ್ಬರೂ ಸುಮ್ಮನಾದೆವು. ಗಂಟೆಗೆ 41 ಸಲ ಉಸಿರು ನಿಲ್ಲುತ್ತಿತ್ತು ಅಥವಾ ಅರ್ಧಕ್ಕೆ ಕುಗ್ಗುತ್ತಿತ್ತು. ಕನಿಷ್ಠ 10 ಸೆಕೆಂಡು ನಡೆದದ್ದನ್ನು ಮಾತ್ರ ಒಂದು ಎಂದು ಎಣಿಸುವರಂತೆ. ಅತ್ಯಂತ ದೀರ್ಘವಾದದ್ದು 52 ಸೆಕೆಂಡು. ರಕ್ತದ ಆಮ್ಲಜನಕ ಒಂದು ಹೊತ್ತಿನಲ್ಲಿ ಶೇಕಡಾ 76ಕ್ಕೆ ಇಳಿದಿತ್ತು. ದೊಡ್ಡವರಲ್ಲಿ ಗಂಟೆಗೆ 5ರ ಒಳಗಿದ್ದರೆ ಸಾಮಾನ್ಯ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ರೋಗದ ಹೆಸರು ಸ್ಲೀಪ್ ಆಪ್ನಿಯಾ. ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಇವುಗಳ ಭಯ ಹೆಚ್ಚೆಂದು ಹೇಳಿದರು. ರಸ್ತೆಯ ಮೇಲಿನ ಭಯವನ್ನು ಅವರು ಹೇಳಬೇಕಾಗಿರಲಿಲ್ಲ.

ನಮ್ಮ ದಾಳಿಂಬೆ ತೋಟದಲ್ಲಿ ಚಪ್ಪಟೆ ಪೈಪು ಹಾಸಿರುವುದನ್ನು ನೀವು ನೋಡಿರಬಹುದು. ಮೋಟಾರು ನಿಂತರೆ ಪೈಪಿನ ಎರಡೂ ಮಗ್ಗಲು ಅಂಟಿಕೊಂಡು ನೆಲಕ್ಕೆ ಬಿದ್ದಿರುತ್ತದೆ. ನೀರಿನ ಒತ್ತಡ ಬಂದ ಕೂಡಲೆ ಉಬ್ಬಿ ದುಂಡಗಾಗುತ್ತದೆ. ಗಂಟಲೂ ಹಾಗೆಯೇ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾದಾಗ, ನಾಲಿಗೆಯ ಬುಡ ಹಿಂದಕ್ಕೆ ಸರಿದು ದಾರಿ ಮುಚ್ಚುತ್ತದೆ. ಉಸಿರು ಕಟ್ಟಿದಾಗ ಮಿದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ. ರಾತ್ರಿಯೆಲ್ಲ ಇದೇ ನಡೆದರೆ ಬಂಗಾರದ ನಿದ್ದೆ ಎಲ್ಲಿಂದ ಬಂತು? ಸಿಪ್ಯಾಪ್ ಎಂಬ ಯಂತ್ರ ಮಾಡುವುದಿಷ್ಟೆ: ಮೂಗಿನ ಮೂಲಕ ಗಾಳಿಯನ್ನು ಹಗುರವಾದ ಒತ್ತಡದಲ್ಲಿ ಸತತವಾಗಿ ಕಳಿಸಿ ಗಂಟಲೆಂಬ ಪೈಪು ಮುಚ್ಚಿಕೊಳ್ಳದಂತೆ ಉಬ್ಬಿಸಿ ಇಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಈ ಉಪಾಯವನ್ನು 1981ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಗೆ ಇಡುವುದೇ ಮುಖ್ಯ ದಾರಿಯಾಗಿತ್ತಂತೆ. ಅದನ್ನು ಕೇಳಿದ ಮೇಲೆ ಯಂತ್ರ ನಮಗೆ ವರವಾಗಿಯೇ ಕಂಡಿತು.

ವರವೆಂದು ಕಂಡದ್ದು ಒಂದೇ ರಾತ್ರಿ.

ಯಂತ್ರ ಮಾರಿದವರು 48,000 ರೂಪಾಯಿ ಎಣಿಸಿಕೊಂಡು, ಮೂಗಿನ ಮೇಲೆ ಕೂಡುವ ಮುಖವಾಡವನ್ನೊಂದು ಕೈಗಿಟ್ಟು, ಹತ್ತು ನಿಮಿಷದಲ್ಲಿ ನಮ್ಮನ್ನು ಕಳಿಸಿಬಿಟ್ಟರು. ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಪುಣೆಯ ಮಗ ಫೋನಿನಲ್ಲಿ ಓದಿ ಹೇಳಿದಂತೆ ಪಟ್ಟಿಗಳನ್ನು ತಲೆಗೆ ಬಿಗಿದೆವು. ಗುಂಡಿ ಒತ್ತಿದ ಕೂಡಲೆ ಗಾಳಿ ನುಗ್ಗಿತು. ಓಡುವ ಬಸ್ಸಿನ ಕಿಟಕಿಯಿಂದ ಮುಖ ಹೊರಗೆ ಹಾಕಿದರೆ ಹೇಗೋ ಹಾಗೆ. ಬಾಯಿ ತೆರೆದರೆ ಮೂಗಿನಿಂದ ಹೋದದ್ದು ಬಾಯಿಯಿಂದ ಭುಸ್ಸೆಂದು ಹೊರಗೆ. ಯಜಮಾನರು ನಲವತ್ತು ನಿಮಿಷ ಸಹಿಸಿದರು. ಆಮೇಲೆ ಎದ್ದು ಕುಳಿತು, "ಇದು ಉಸರು ಕೊಡೂ ಯಂತ್ರ ಅಲ್ಲ, ಕಸಗೊಳ್ಳೂ ಯಂತ್ರ" ಎಂದು ಕಿತ್ತು ಇಟ್ಟರು.

ಮುಂದಿನ ಐದು ವಾರ ದಿನಕ್ಕೊಂದು ತೊಡಕು. ಸೋರಿದ ಗಾಳಿ ಕಣ್ಣಿಗೆ ಬಡಿದು ಬೆಳಿಗ್ಗೆ ಕಣ್ಣು ಕೆಂಪು. ಸೋರುತ್ತದೆಂದು ಇನ್ನಷ್ಟು ಬಿಗಿದರೆ ಮೂಗಿನ ದಿಂಡಿನ ಮೇಲೆ ಹುಣ್ಣು. ಗಾಳಿ ನುಂಗಿ ಹೊಟ್ಟೆಯುಬ್ಬರ. ಎಷ್ಟೋ ರಾತ್ರಿ ನಿದ್ದೆಗಣ್ಣಿನಲ್ಲೇ ಕಿತ್ತೆಸೆದ ಮುಖವಾಡ ಬೆಳಿಗ್ಗೆ ಗಾದಿಯ ಕೆಳಗೆ ಸಿಗುತ್ತಿತ್ತು. ಎಲ್ಲಕ್ಕಿಂತ ಕಠಿಣವಾದದ್ದು ಬಾಯಿ ಒಣಗುವುದು. ಯಜಮಾನರು ತಮ್ಮ ತಂದೆಯವರು ತೀರಿಕೊಂಡ ವರ್ಷದಿಂದ ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮ ಪಾಲಿಸಿದವರು. ರಾತ್ರಿ ಎರಡು ಗಂಟೆಗೆ ನಾಲಿಗೆ ಮರದ ಚಕ್ಕೆಯಂತಾಗಿ ಎದ್ದು, ನೀರಿನ ತಂಬಿಗೆಯ ಕಡೆ ನೋಡುತ್ತ ಕುಳಿತುಕೊಳ್ಳುವರು. ಮುಟ್ಟಲಿಲ್ಲ. ಆದರೆ ಆ ಕೂಡುವಿಕೆಯನ್ನು ನೋಡುವುದು ಮನೆಯಾಕೆಗೆ ಗೊರಕೆಗಿಂತ ಹೆಚ್ಚಿನ ಸಂಕಟವಾಯಿತು.

ಮನೆಯಾಕೆಯ ಪಾಡೂ ಬೇರೆಯಿರಲಿಲ್ಲ. ಯಂತ್ರ ಸರಿಯಾಗಿ ನಡೆದ ಹೊತ್ತಿನಲ್ಲಿ ಕೋಣೆ ನಿಶ್ಶಬ್ದ. ಮೂವತ್ತು ವರ್ಷ ಗೊರಕೆ ಕೇಳಿ, ಅದು ಇದ್ದರೆ ಜೀವವಿದೆ ಎಂದು ತಿಳಿದು ಮಲಗಿದವರು. ಈಗ ಸದ್ದಿಲ್ಲದ್ದಕ್ಕೆ ಎಚ್ಚರಾಗಿ ಎದೆಯ ಮೇಲೆ ಕೈಯಿಟ್ಟು ನೋಡುವರು. ಕೈ ತಾಗಿದರೆ ಯಜಮಾನರಿಗೆ ಎಚ್ಚರ. ಹೀಗೆ ಇಬ್ಬರಿಗೂ ನಿದ್ದೆಯಿಲ್ಲದೆ, ಹಗಲು ಒಬ್ಬರ ಮೇಲೊಬ್ಬರು ಹರಿಹಾಯುವಂತಾಯಿತು.

"ಅಲ್ರೀ, ಅರ್ಧ ಲಕ್ಷ ಕೊಟ್ಟು ತಂದದ್ದು ಕಪಾಟಿನ್ಯಾಗ ಇಡಾಕೇನು?"

"ನೀನ ಒಂದು ರಾತ್ರಿ ಹಾಕ್ಕೊಂಡು ಮಲಗಿ ನೋಡು. ಆಮ್ಯಾಲೆ ಮಾತಾಡು."

ಮನೆಯಾಕೆ ಹಾಕಿಕೊಂಡು ನೋಡಿದರು. ಐದು ನಿಮಿಷ. ಆಮೇಲೆ ಜಗಳ ನಿಂತಿತು, ಯಂತ್ರವೂ ಕಪಾಟು ಸೇರಿತು. ನಿಜ ಹೇಳಬೇಕೆಂದರೆ ತೊಡಕುಗಳಿಗಿಂತ ದೊಡ್ಡದು ನಾಚಿಕೆ. ಇನ್ನು ಸಾಯುವ ತನಕ ಮೂಗಿಗೆ ನಳಿಗೆ ಕಟ್ಟಿಕೊಂಡು ಮಲಗಬೇಕೆ? ಬೀಗರ ಮನೆಗೆ ಹೋದಾಗ ಇದನ್ನು ಹೊತ್ತುಕೊಂಡು ಹೋಗಬೇಕೆ? ಈ ಮಾತನ್ನು ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ, ಮನೆಯಾಕೆ ಕೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು.

2024ರ ಮೇ ತಿಂಗಳಲ್ಲಿ ಮೊಮ್ಮಗ ರಜೆಗೆ ಬಂದ. ಅಜ್ಜನ ಮಗ್ಗಲಲ್ಲೇ ಮಲಗುವೆನೆಂದು ಹಟ ಹಿಡಿದ. ನಾಲ್ಕು ದಿನ ಕಳೆದ ಮೇಲೆ ಹುಡುಗ ಮಧ್ಯಾಹ್ನ ಊಟದ ತಾಟಿನ ಮುಂದೆಯೇ ನಿದ್ದೆ ಹೋಗತೊಡಗಿದ. ಬಿಸಿಲಿನ ಆಯಾಸವೆಂದುಕೊಂಡೆವು. ಐದನೆಯ ರಾತ್ರಿ ಮನೆಯಾಕೆ ಎದ್ದು ನೋಡಿದಾಗ ಹುಡುಗ ಗೋಡೆಗೆ ಒರಗಿ ಕುಳಿತಿದ್ದಾನೆ, ಒಂದು ಕೈ ಅಜ್ಜನ ತೋಳಿನ ಮೇಲೆ.

"ಯಾಕೋ ಮಲಗಿಲ್ಲ?"

"ಆಯಿ, ಅಜ್ಜ ಉಸರು ಬಿಡೂದು ನಿಲ್ಲಸತಾನ. ನಾ ನೂಕಿದರ ಮತ್ತ ಬಿಡತಾನ. ನಾ ಮಲಗಿದರ ಯಾರು ನೂಕಬೇಕು?"

ಅಷ್ಟರಲ್ಲಿ ಯಜಮಾನರಿಗೂ ಎಚ್ಚರವಾಗಿತ್ತು. ಅವರು ಆ ಮಾತು ಕೇಳಿದರು. ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಕಪಾಟಿನಿಂದ ಯಂತ್ರ ತೆಗೆದು ಚೀಲದಲ್ಲಿಟ್ಟು, "ಮಿರಜಕ್ಕ ಹೋಗೂಣ ನಡಿ" ಎಂದರು.

ಈ ಸಲ ವೈದ್ಯರಲ್ಲಿ ಸುಳ್ಳು ಹೇಳದೆ, ಒಂದೂ ರಾತ್ರಿ ಪೂರ್ತಿ ಹಾಕಿಕೊಂಡಿಲ್ಲವೆಂದು ಒಪ್ಪಿಕೊಂಡೆವು. ಅವರು ಬಯ್ಯಲಿಲ್ಲ. ಬಹಳ ಜನ ಮೊದಲ ವಾರಗಳಲ್ಲೇ ಕೈಬಿಡುತ್ತಾರೆ, ಮರಳಿ ಬರುವವರೇ ಕಡಿಮೆ ಎಂದರು. ಅಲ್ಲಿಯ ಸಿಸ್ಟರ್ ಒಬ್ಬರು ಅರ್ಧ ತಾಸು ನಮ್ಮೊಡನೆ ಕುಳಿತರು. ಆ ಅರ್ಧ ತಾಸು ಮೊದಲೇ ಸಿಕ್ಕಿದ್ದರೆ ನಮ್ಮ ನಾಲ್ಕು ತಿಂಗಳು ಉಳಿಯುತ್ತಿದ್ದವು. ಅವರು ಹೇಳಿದ್ದನ್ನೂ ನಾವು ಮನೆಯಲ್ಲಿ ಕಲಿತದ್ದನ್ನೂ, ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತೇವೆ.

ಮೊದಲನೆಯದು ಮುಖವಾಡದ ಅಳತೆ. ಬಾಯಿ ತೆರೆದು ಮಲಗುವವರಿಗೆ ಮೂಗಿನದಷ್ಟೇ ಸಾಲದೆ ಹೋಗಬಹುದು. ಯಜಮಾನರಿಗೆ ಮೂಗು-ಬಾಯಿ ಎರಡನ್ನೂ ಮುಚ್ಚುವಂಥದ್ದು ಸರಿಹೋಯಿತು. ಆದರೆ ಅದರ ಅಂಚು ಮೀಸೆಯ ತುದಿಗಳ ಮೇಲೆ ಕೂಡುತ್ತಿತ್ತು, ಅಲ್ಲಿಂದಲೇ ಸೋರಿಕೆ. ನಲವತ್ತು ವರ್ಷ ಎಣ್ಣೆ ಹಚ್ಚಿ ತೀಡಿದ ಮೀಸೆ! ಯಜಮಾನರು ಒಂದು ದಿನ ವಿಚಾರ ಮಾಡಿ, ಕ್ಷೌರಿಕನ ಮುಂದೆ ಕುಳಿತು ಎರಡೂ ತುದಿ ತೆಗೆಸಿದರು. ಬಜಾರಿನಲ್ಲಿ ಕೇಳಿದವರಿಗೆ "ಬ್ಯಾಸಗಿ" ಎಂದರು.

ಎರಡನೆಯದು, ಬಿಗಿದಷ್ಟೂ ಒಳ್ಳೆಯದೆಂಬ ನಮ್ಮ ತಿಳಿವಳಿಕೆ ತಪ್ಪು. ಯಂತ್ರ ಚಾಲೂ ಮಾಡಿ, ಮಲಗಿದ ಭಂಗಿಯಲ್ಲೇ ಪಟ್ಟಿಗಳನ್ನು ಹದ ಮಾಡಬೇಕು. ಹೊಟ್ಟೆಯುಬ್ಬರವನ್ನು ಕೇಳಿ ವೈದ್ಯರು ಒತ್ತಡದ ಮಿತಿಯನ್ನು ತಾವೇ ಬದಲಿಸಿದರು. ಅದು ಮನೆಯಲ್ಲಿ ತಿರುವುವ ಗುಂಡಿಯಲ್ಲ. ಆರಂಭದಲ್ಲಿ ಕಡಿಮೆ ಒತ್ತಡದಿಂದ ಮೆಲ್ಲಗೆ ಏರುವ ಸೌಲಭ್ಯ ಯಂತ್ರದಲ್ಲೇ ಇತ್ತು, ನಮಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಬಾಯಿ ಒಣಗುವುದಕ್ಕೆ ಪರಿಹಾರ. ಯಂತ್ರಕ್ಕೆ ನೀರಿನ ಸಣ್ಣ ತೊಟ್ಟಿಯೊಂದಿದ್ದು, ಬೆಚ್ಚಗಾದ ತೇವ ಗಾಳಿಯೊಡನೆ ಬರುತ್ತದೆ. ಬಾಯಿ ಮುಚ್ಚುವ ಮುಖವಾಡ, ಈ ತೇವ ಎರಡೂ ಸೇರಿ ರಾತ್ರಿಯ ಬಾಯಾರಿಕೆ ಹೋಯಿತು, ಯಜಮಾನರ ನಿಯಮವೂ ಉಳಿಯಿತು. ನಾವು ಮೊದಲು ಬಟ್ಟೆಯಲ್ಲಿ ಸೋಸಿದ ಬಾವಿಯ ನೀರನ್ನೇ ಹಾಕಿದೆವು. ಸೋಸಿದರೆ ಸಾಕೆಂದು ನಮ್ಮ ಎಣಿಕೆ. ಹದಿನೈದು ದಿನದಲ್ಲಿ ತೊಟ್ಟಿಯ ತಳಕ್ಕೆ ಬಿಳಿಯ ಹೊಟ್ಟು ಕಟ್ಟಿತು. ನಮ್ಮ ಕಡೆಯ ಸವಳು ನೀರಿನಲ್ಲಿ ಕರಗಿದ ಉಪ್ಪು ಬಟ್ಟೆಗೆ ನಿಲ್ಲುವುದೇ? ಈಗ ಭಟ್ಟಿ ಇಳಿಸಿದ ನೀರನ್ನು ಔಷಧಿ ಅಂಗಡಿಯಿಂದ ತರುತ್ತೇವೆ, ದಿನವೂ ಹಳೆಯದನ್ನು ಚೆಲ್ಲುತ್ತೇವೆ. ಮುಖವಾಡವನ್ನು ನಿತ್ಯ, ನಳಿಗೆಯನ್ನು ವಾರಕ್ಕೊಮ್ಮೆ ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಿಗೆ ಹಾಕುವುದು ಮನೆಯಾಕೆಯ ಕೆಲಸವಾಗಿತ್ತು. ಮೂರು ತಿಂಗಳಾದ ಮೇಲೆ ಅದು ಯಜಮಾನರ ಕೆಲಸವಾಯಿತು. ಮೂಗು ಯಾರದೋ ಅವರೇ ತೊಳೆಯಲಿ!

ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಹಗಲಿನ ಅಭ್ಯಾಸ. ಮೊದಲ ವಾರ ಟಿ.ವಿ. ವಾರ್ತೆ ನೋಡುವಾಗ ಬರೀ ಮುಖವಾಡ, ಯಂತ್ರವಿಲ್ಲ. ಎರಡನೆಯ ವಾರ ಕುಳಿತೇ ಯಂತ್ರ ಹಚ್ಚಿ ಇಪ್ಪತ್ತು ನಿಮಿಷ. ಮೂರನೆಯ ವಾರ ಮಧ್ಯಾಹ್ನದ ಸಣ್ಣ ನಿದ್ದೆ. ಆಮೇಲೆ ರಾತ್ರಿ. ಹೊಸ ಎತ್ತಿಗೆ ಮೊದಲ ದಿನವೇ ನೇಗಿಲು ಹೂಡುವವರುಂಟೇ? ಮೊದಲು ನೊಗ ಅಭ್ಯಾಸವಾಗಬೇಕು. ರಾತ್ರಿಗೆ ಕನಿಷ್ಠ 4 ಗಂಟೆ, ಹತ್ತರಲ್ಲಿ ಏಳು ರಾತ್ರಿಯಾದರೂ ಎಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕೆಳಗಿನ ಗೆರೆ. ನಿಜವಾದ ಗುರಿ ನಿದ್ದೆಯ ಹೊತ್ತೆಲ್ಲ. ನಾವು ಅಂಗಡಿಯ ಹಳೆಯ ಖಾತೆ ವಹಿಯೊಂದರಲ್ಲಿ ದಿನವೂ ಗಂಟೆ ಬರೆದೆವು. ಒಂದೂವರೆ, ಎರಡು, ಒಂದು, ಮೂರು. ದೀಪಾವಳಿಯ ಹೊತ್ತಿಗೆ ಐದು.

ಊರಿನ ತೊಂದರೆಗಳೂ ಇದ್ದವು. ರಾತ್ರಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಅದಕ್ಕೆ ಇನ್ವರ್ಟರಿನ ಸಾಲು ಎಳೆಸಿದೆವು. ಡಿಸೆಂಬರದ ಚಳಿಯಲ್ಲಿ ನಳಿಗೆಯೊಳಗೆ ಹನಿ ಕಟ್ಟಿ ಗುಳುಗುಳು ಸದ್ದು. ನಿದ್ದೆಯಲ್ಲಿ ಮೂಗಿಗೆ ನೀರು ಸಿಡಿಯುತ್ತಿತ್ತು. ಯಂತ್ರವನ್ನು ಮಂಚಕ್ಕಿಂತ ಕೆಳಗಿಟ್ಟೆವು. ಮನೆಯಾಕೆ ಹಳೆಯ ಕೌದಿಯ ತುಂಡಿನಿಂದ ನಳಿಗೆಯುದ್ದಕ್ಕೂ ಒಂದು ಗವಸು ಹೊಲಿದರು. ಕೆಂಪು, ಹಳದಿ, ಹಸಿರು ತುಂಡುಗಳ ಆ ಗವಸು ಹಾಕಿದ ಮೇಲೆ ಮೊಮ್ಮಗ ಅದನ್ನು ನೋಡಿ "ಅಜ್ಜನ ಸೊಂಡಿಲಿಗೆ ಝೂಲು ಹಾಕ್ಯಾರ" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಸೊಂಡಿಲು. ಹೆಸರು ಬಂದ ಮೇಲೆ ನಾಚಿಕೆ ಅರ್ಧ ಹೋಯಿತು. ಈಗ ಬೀಗರ ಮನೆಗೆ ಹೋದಾಗ ಯಜಮಾನರೇ, "ಸೊಂಡಿಲು ತಂದೀನಿ, ಒಂದು ಪ್ಲಗ್ ಇದ್ದ ಜಾಗಾ ಕೊಡ್ರಿ" ಎನ್ನುತ್ತಾರೆ. ಮಾಳಿಗೆಗೆ ಓಡಿದ್ದ ಬೀಗರೇ ಈ ವರ್ಷ ಅದೇ ಜಮಖಾನೆಯ ಮೇಲೆ ಮಲಗಿದರು.

ಎಲ್ಲವೂ ಸರಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಮೂಗಿನ ಮೇಲೆ ಗೆರೆ ಬಿದ್ದಿದೆ. ನೆಗಡಿ ಬಂದ ವಾರ ವಹಿಯಲ್ಲಿ ಸೊನ್ನೆಗಳೂ ಇವೆ. ರಕ್ತದೊತ್ತಡದ ಗುಳಿಗೆ ಇನ್ನೂ ನಡೆದಿದೆ. ಅದು ಪೂರ್ತಿ ಬಿಟ್ಟುಹೋಗುವುದೆಂದು ವೈದ್ಯರು ಭರವಸೆಯನ್ನೂ ಕೊಟ್ಟಿಲ್ಲ. ಮೈತೂಕ ಇಳಿಸಬೇಕೆಂದು ಹೇಳಿದ್ದರಲ್ಲಿ ಅರ್ಧವಷ್ಟೇ ಸಾಧಿಸಿದೆ. ಈ ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ, ಹಾಕಿಕೊಂಡ ರಾತ್ರಿ ಮಾತ್ರ ಕಾಯುತ್ತದೆ. ಕನ್ನಡಕದ ಹಾಗೆ. ಆದರೆ ಗಂಟೆಗೆ 41 ಇದ್ದದ್ದು ಯಂತ್ರದ ಲೆಕ್ಕದಲ್ಲಿ ಈಗ 3ರ ಆಸುಪಾಸಿನಲ್ಲಿದೆ. ಗಲ್ಲೆಯ ಮೇಲೆ ತೂಕಡಿಕೆ ಇಲ್ಲ. ಬೆಳಗಿನ ತಲೆನೋವು ಹೋಯಿತು. ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ, ಕಾರಿನ ಕೀಲಿ ಒಂದು ವರ್ಷ ಎರಡು ತಿಂಗಳಿಗೆ ಯಜಮಾನರ ಕೈಗೆ ಮರಳಿತು. ದೂರದ ದಾರಿಯಿದ್ದರೆ ಮನೆಯಾಕೆ ಈಗ ಮುಂದಿನ ಸೀಟಿನಲ್ಲೇ ಕೂಡುತ್ತಾರೆ.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರದಾದರೂ ಗೊರಕೆ ನಡುನಡುವೆ ನಿಂತು ನಿಂತು ಬರುತ್ತಿದ್ದರೆ, ಅವರು ಹಗಲು ಕುಳಿತಲ್ಲೇ ನಿದ್ದೆ ಹೋಗುತ್ತಿದ್ದರೆ, ಹಾಸ್ಯ ಮಾಡುವುದಕ್ಕೆ ಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಹೆಂಗಸರೂ ಗೊರಕೆ ಹೊಡೆಯುತ್ತಾರೆ, ಸಂಕೋಚದಿಂದ ಯಾರೂ ಹೇಳುವುದಿಲ್ಲ, ಅವರನ್ನೂ ಮರೆಯಬೇಡಿರಿ. ಯಂತ್ರ ತಂದು ಕಪಾಟಿನಲ್ಲಿ ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಚಿಕೊಳ್ಳಬೇಡಿರಿ, ಮತ್ತೊಮ್ಮೆ ತೆಗೆಯಿರಿ. ನಾವೂ ಅಲ್ಲಿಂದಲೇ ಹೊರಟವರು.

ಈ ವರ್ಷದ ಬೇಸಿಗೆ ರಜೆಯಲ್ಲಿ ಮೊಮ್ಮಗ ಬಂದಾಗ ಮತ್ತೆ ಅಜ್ಜನ ಮಗ್ಗಲಲ್ಲೇ ಹಾಸಿಗೆ ಹಾಸಿಕೊಂಡ. ಮೊದಲ ರಾತ್ರಿ ಒಂದಷ್ಟು ಹೊತ್ತು ಕಣ್ಣು ಬಿಟ್ಟುಕೊಂಡೇ ಇದ್ದ. ಸೊಂಡಿಲಿನ ಮೇಲೆ ಕೈಯಿಟ್ಟು, ಒಳಗೆ ಗಾಳಿ ಹರಿಯುವುದನ್ನು ಮುಟ್ಟಿ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ಎಂಟು ಗಂಟೆಯಾದರೂ ಏಳಲಿಲ್ಲ. ನಾವು ಎಬ್ಬಿಸಲೂ ಇಲ್ಲ.